ಆಷಾಢದಲ್ಲಿ ಹೊಸ ಕಾರು: ಶೋರೂಂ ಕೊಟ್ಟ ಕೊಟೇಶನ್ ಇದು, ಎಲ್ಲೆಲ್ಲಿ ಇಳಿಸಬಹುದು ಹೇಳ್ತೀರಾ?

ದಾವಣಗೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರು. 2012ರಲ್ಲಿ ಕೊಂಡ ಆಲ್ಟೊ ಇನ್ನೂ ಚೆನ್ನಾಗಿ ಓಡುತ್ತಿದೆ. ಆದರೆ ಅಪ್ಪನಿಗೆ ಮಂಡಿ ನೋವು. ಅಷ್ಟು ಕೆಳಗೆ ಕೂತು ಏಳುವುದು ಅವರಿಗೆ ಆಗುತ್ತಿಲ್ಲ. ಅದಕ್ಕೇ ಸ್ವಲ್ಪ ಎತ್ತರದ ಕಾರು ನೋಡುತ್ತಿದ್ದೇವೆ. ನಾಲ್ಕು ಮೀಟರ್ ಒಳಗಿನದು, 1.2 ಲೀಟರ್ ಪೆಟ್ರೋಲ್. ಮಾಡೆಲ್ ತೀರ್ಮಾನ ಆಗಿದೆ. ಅಪ್ಪ ಎರಡು ಸಲ ಹತ್ತಿ ಇಳಿದು "ಇದು ಸಾಕು" ಅಂದಿದ್ದಾರೆ. ಹಾಗಾಗಿ ಯಾವ ಕಾರು ಅನ್ನುವ ಚರ್ಚೆ ಬೇಡ. ಬೆಲೆ ಬಗ್ಗೆ ಮಾತ್ರ ಸಹಾಯ ಬೇಕು.

ನಿನ್ನೆ ಸಿಕ್ಕ ಕೊಟೇಶನ್:

ಎಕ್ಸ್-ಶೋರೂಂ 8,90,000
ರಸ್ತೆ ತೆರಿಗೆ 1,39,306
ಇನ್ಶೂರೆನ್ಸ್ 46,800
ಆರ್‌ಟಿಒ ಮತ್ತು ಇತರೆ 9,500
ಫಾಸ್ಟ್ಯಾಗ್ 1,000
ಹ್ಯಾಂಡ್ಲಿಂಗ್ 8,500
ಅಕ್ಸೆಸರಿ ಕಿಟ್ 24,900
ಎಕ್ಸ್‌ಟೆಂಡೆಡ್ ವಾರಂಟಿ 14,500
ಡಿಸ್ಕೌಂಟ್ 15,000 ಕಳೆದು ಆನ್-ರೋಡ್ 11,19,506

ಸೇಲ್ಸ್ ಹುಡುಗ ಮರ್ಯಾದೆಯಿಂದ ಮಾತಾಡುತ್ತಾನೆ. ಆದರೆ ಏನು ಕೇಳಿದರೂ "ಸರ್, ಕೊನೆಗೆ ಇನ್ನೊಂದು ಐದು ಸಾವಿರ ನೋಡೋಣ" ಅನ್ನುವುದೇ ಉತ್ತರ. 6 ಲಕ್ಷ ಸಾಲ ಬೇಕು. ಅವರೇ 5 ಪರ್ಸೆಂಟ್ ಫ್ಲಾಟ್‌ನಲ್ಲಿ ಮಾಡಿಸಿಕೊಡುತ್ತಾರಂತೆ. ಆಲ್ಟೊಗೆ 70,000 ಅಂದಿದ್ದಾರೆ, ಮೇಲೆ 20,000 ಎಕ್ಸ್‌ಚೇಂಜ್ ಬೋನಸ್.

ಇನ್ನೊಂದು ವಿಷಯ. ಈಗ ಆಷಾಢ. ಅಮ್ಮ ಗಾಡಿ ಮನೆಗೆ ತರಲು ಒಪ್ಪುವುದಿಲ್ಲ. ಶ್ರಾವಣದವರೆಗೆ ಕಾದರೆ ಈ ಆಫರ್ ಇರುತ್ತದಾ?

ಕೆಎ-09

ಮೇಷ್ಟ್ರೇ, ಮೊದಲು ಒಂದು ಕೆಲಸ ಮಾಡಿ. "ಆನ್-ರೋಡ್ ಎಷ್ಟು" ಅಂತ ಕೇಳುವುದನ್ನೇ ಬಿಡಿ. ಆ ಒಂದು ಸಂಖ್ಯೆ ಹಿಡಿದು ಎಷ್ಟು ಎಳೆದಾಡಿದರೂ ಐದು ಸಾವಿರವೇ ಸಿಗುವುದು. ಒಂದೊಂದು ಸಾಲಿಗೂ ಬೆರಳಿಟ್ಟು ಕೇಳಿ.

ಎಕ್ಸ್-ಶೋರೂಂ ಕಂಪನಿ ಇಟ್ಟಿರುವ ಬೆಲೆ, ಅದು ಅಲ್ಲಾಡುವುದಿಲ್ಲ. ತೆರಿಗೆ ಸರ್ಕಾರದ್ದು. ನಮ್ಮಲ್ಲಿ 5ರಿಂದ 10 ಲಕ್ಷದ ಕಾರಿಗೆ ಶೇ. 14. ಆ ತೆರಿಗೆ ಮೇಲೆ ಶೇ. 11 ಸೆಸ್. ಒಟ್ಟು ಶೇ. 15.54 ಆಗುತ್ತದೆ. ನಿಮ್ಮ ಕಾರಿಗೆ 1,38,306, ಜೊತೆಗೆ 2025ರಲ್ಲಿ ಬಂದ ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆ ಸೆಸ್ 1,000. ಕೊಟೇಶನ್‌ನಲ್ಲಿ ತೆರಿಗೆ ಸರಿಯಾಗಿಯೇ ಹಾಕಿದ್ದಾರೆ.

ಉಳಿದದ್ದೆಲ್ಲ ಅಲ್ಲಾಡುತ್ತದೆ. "ಆರ್‌ಟಿಒ ಮತ್ತು ಇತರೆ 9,500" ಅಂದರೆ ಏನು? ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡ್ 200, ಸಾಲ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಸೇರಿಸಲು 1,500. 2,300 ಆಯಿತು. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ 2019ರ ಏಪ್ರಿಲ್‌ನಿಂದ ಹೊಸ ಗಾಡಿ ಜೊತೆಗೇ ಬರಬೇಕು. ಹಾಗಾದರೆ ಉಳಿದ 7,200 ಯಾವುದಕ್ಕೆ? ಜಗಳ ಬೇಡ. "ಸರ್ಕಾರದ ವಾಹನ್ ಪೋರ್ಟಲ್ ರಸೀದಿಯಲ್ಲಿ ಎಷ್ಟಿದೆಯೋ ಅಷ್ಟು ಕೊಡ್ತೀನಿ" ಅನ್ನಿ, ಸಾಕು.

ಹ್ಯಾಂಡ್ಲಿಂಗ್ ಅಂತೂ ಕೊಡಲೇಬೇಡಿ. ಗಾಡಿಯನ್ನು ಸ್ಟಾಕ್‌ಯಾರ್ಡ್‌ನಿಂದ ಶೋರೂಂಗೆ ತಂದು ತೊಳೆದು ಕೊಡುವುದು ಅವರ ಕೆಲಸ.

ಲೆಕ್ಕದ ಪುಸ್ತಕ

ಸಾಲದ ಮಾತು ನಾನು ಹೇಳುತ್ತೇನೆ. ನನ್ನ ಕಸುಬೇ ಅದು.

"5 ಪರ್ಸೆಂಟ್ ಫ್ಲಾಟ್" ಕೇಳಲು ಬಹಳ ಚೆಂದ. ಲೆಕ್ಕ ಹೀಗೆ. 6 ಲಕ್ಷಕ್ಕೆ ಶೇ. 5ರಂತೆ ಐದು ವರ್ಷಕ್ಕೆ ಬಡ್ಡಿ 1,50,000. ಒಟ್ಟು 7,50,000. 60 ಕಂತು ಮಾಡಿದರೆ ತಿಂಗಳಿಗೆ 12,500. ಈಗ ಬ್ಯಾಂಕಿನಲ್ಲಿ ಶೇ. 9ರ ಸಾಲ ತಗೊಳ್ಳಿ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಕಂತು 12,455. ನೋಡಿದಿರಾ? ಕೇಳಿದಾಗ 5 ಅಗ್ಗ, 9 ದುಬಾರಿ ಅನಿಸುತ್ತದೆ. ಕಟ್ಟುವಾಗ 9 ಅಗ್ಗ. ಫ್ಲಾಟ್‌ನಲ್ಲಿ ನೀವು ತೀರಿಸಿದ ದುಡ್ಡಿಗೂ ಕೊನೆವರೆಗೆ ಬಡ್ಡಿ ಕಟ್ಟುತ್ತಲೇ ಇರುತ್ತೀರಿ.

ಕಂತು ಜಾಸ್ತಿ ಆಯ್ತು ಅಂದರೆ "ಏಳು ವರ್ಷ ಮಾಡಿ ಸರ್" ಅಂತಾರೆ. ಶೇ. 9ರಲ್ಲೇ ಏಳು ವರ್ಷಕ್ಕೆ ಕಂತು 9,653ಕ್ಕೆ ಇಳಿಯುತ್ತದೆ. ಆದರೆ ಕಟ್ಟುವ ಒಟ್ಟು ಮೊತ್ತ ಸುಮಾರು 63,500 ಏರುತ್ತದೆ. ನೀವು ಕಾದಾಡಿ ಪಡೆದ ಡಿಸ್ಕೌಂಟ್ ಎಲ್ಲ ಅಲ್ಲಿಗೆ ಹೋಯ್ತು.

ನಿಮ್ಮ ಸಂಬಳ ಬರುವ ಬ್ಯಾಂಕಿಗೆ ಹೋಗಿ ಸಾಲದ ಒಪ್ಪಿಗೆ ಪತ್ರ ಮೊದಲೇ ತಂದಿಟ್ಟುಕೊಳ್ಳಿ. ಆಮೇಲೆ ಶೋರೂಂ ಅದಕ್ಕಿಂತ ಕಡಿಮೆಗೆ ಕೊಟ್ಟರೆ ಅಲ್ಲೇ ತಗೊಳ್ಳಿ, ತಪ್ಪೇನಿಲ್ಲ. ಪ್ರೊಸೆಸಿಂಗ್ ಫೀಸು, ಬೇಗ ತೀರಿಸಿದರೆ ದಂಡ ಎಷ್ಟು ಅನ್ನುವುದನ್ನು ಬರೆಸಿಕೊಂಡು ಹೋಲಿಸಿ.

ಮುಂಗಡವನ್ನು ಶೋರೂಂ ಖಾತೆಗೇ ಹಾಕಿ, ರಸೀದಿ ತಗೊಳ್ಳಿ. ಯಾರ ಸ್ವಂತ ನಂಬರಿಗೂ ಫೋನ್‌ಪೇ ಬೇಡ. ನಗದು 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಅವರು ತಗೊಳ್ಳುವಂತಿಲ್ಲ, ಅದು ಆದಾಯ ತೆರಿಗೆ ಕಾನೂನು.

ಕಡಲ ಕರೆ

ಮೇಷ್ಟ್ರೇ, ಆಲ್ಟೊ ಇನ್ಶೂರೆನ್ಸ್ ಯಾರ ಹೆಸರಲ್ಲಿದೆ? ಫುಲ್ ಇನ್ಶೂರೆನ್ಸಾ, ಬರೀ ಥರ್ಡ್ ಪಾರ್ಟಿಯಾ? ಕ್ಲೇಮ್ ಮಾಡಿ ಎಷ್ಟು ವರ್ಷ ಆಯ್ತು?

ದಾವಣಗೆರೆ ಮೇಷ್ಟ್ರು

ನನ್ನ ಹೆಸರಲ್ಲೇ ಇದೆ. ಫುಲ್ ಇನ್ಶೂರೆನ್ಸ್. ಆರು ವರ್ಷದಿಂದ ಒಂದು ಕ್ಲೇಮೂ ಇಲ್ಲ. ಯಾಕೆ?

ಕಡಲ ಕರೆ

ಹಾಗಾದರೆ ನಿಮ್ಮ ಕೈಯಲ್ಲಿ ಶೇ. 50 ಎನ್‌ಸಿಬಿ ಇದೆ ಮಾರಾಯ್ರೆ! ನೋ ಕ್ಲೇಮ್ ಬೋನಸ್. ಅದು ಗಾಡಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಹಳೆ ಕಾರು ಮಾರಿದಾಗ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಕೇಳಿ ಪಡೆಯಿರಿ. ಮಾರಾಟದ ದಾಖಲೆ ಕೊಡಬೇಕಾಗುತ್ತದೆ. ಪತ್ರಕ್ಕೆ ಮೂರು ವರ್ಷ ಬೆಲೆ ಇರುತ್ತದೆ. ಹೊಸ ಕಾರಿನ ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ಹಾನಿಗೆ ಕಟ್ಟುವ) ಪ್ರೀಮಿಯಂ ಅರ್ಧಕ್ಕೆ ಇಳಿಯುತ್ತದೆ. ನೀವು ಕೇಳದೆ ಇದನ್ನು ಯಾರೂ ನೆನಪಿಸುವುದಿಲ್ಲ. ನನ್ನ ಅಕ್ಕ ಹೋದ ವರ್ಷ ಹಳೆ ಕಾರು ಕೊಟ್ಟು ಹೊಸದು ತಗೊಂಡಳು, ಶೇ. 45 ಬೋನಸ್ ಹಾಗೆಯೇ ಬಿಟ್ಟುಬಿಟ್ಟಳು. ಗೊತ್ತಾದಾಗ ತುಂಬಾ ಬೇಜಾರಾಯಿತು.

46,800ರ ಪಾಲಿಸಿಯನ್ನು ಬಿಡಿಸಿ ನೋಡಿ. ಹೊಸ ಖಾಸಗಿ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಇದೆ. 1000ದಿಂದ 1500 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ದರದಂತೆ 10,640. ಜಿಎಸ್‌ಟಿ ಸೇರಿ 12,555. ಇದು ಎಲ್ಲಿ ಮಾಡಿಸಿದರೂ ಒಂದೇ. ಚೌಕಾಸಿ ಇರುವುದು ಉಳಿದ 34,000ದಲ್ಲಿ.

ಆನ್‌ಲೈನ್‌ನಲ್ಲಿ ಕೊಟೇಶನ್ ತೆಗೆಯುವಾಗ ಎರಡು ಕಡೆ ಎಚ್ಚರ ಇರಲಿ. ಐಡಿವಿ, ಅಂದರೆ ಗಾಡಿ ಪೂರ್ತಿ ಹೋದರೆ ಸಿಗುವ ಮೊತ್ತ, ಎರಡು ಕೊಟೇಶನ್‌ನಲ್ಲೂ ಒಂದೇ ಇರಬೇಕು. ಹೊಸ ಕಾರಿಗೆ ಎಕ್ಸ್-ಶೋರೂಂನ ಶೇ. 95, ಅಂದರೆ ನಿಮಗೆ 8,45,500. ಕೆಲವರು ಐಡಿವಿ ಇಳಿಸಿ ಅಗ್ಗ ತೋರಿಸುತ್ತಾರೆ. ಇನ್ನೊಂದು, ಆಡ್-ಆನ್‌ಗಳೂ ಅವೇ ಇರಬೇಕು. ಜೀರೋ ಡೆಪ್ರಿಸಿಯೇಶನ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವುದು) ಖಂಡಿತ ಬೇಕು. ನಮ್ಮ ಮಂಗಳೂರು ಮಳೆಗೆ ನಾನು ಎಂಜಿನ್ ಪ್ರೊಟೆಕ್ಟ್ ಕೂಡ ಹಾಕಿಸುತ್ತೇನೆ. ನಿಮ್ಮ ಕಡೆಗೆ ಅದು ಬೇಕಾ ಅಂತ ನೀವೇ ಯೋಚನೆ ಮಾಡಿ.

ಹುಬ್ಬಳ್ಳಿ ಗಿರಣಿ ಚಾಳ

ನಮಸ್ಕಾರ ರೀ. ಒಂದು ಶೋರೂಂನ್ಯಾಗ ಕುಂತು ಚೌಕಾಸಿ ಮಾಡಬ್ಯಾಡ್ರಿ. ದಾವಣಗೆರೆ ಅಂದ್ರ ನಡುಮಧ್ಯೆ ಇದ್ದೀರಿ. ಹುಬ್ಬಳ್ಳಿ, ಶಿವಮೊಗ್ಗ, ತುಮಕೂರು ಮೂರೂ ಕಡೆ ಫೋನ್ ಹಚ್ಚಿ ಕೊಟೇಶನ್ ತರಿಸ್ರಿ. ಅದೇ ಮಾಡೆಲ್, ಅದೇ ವೇರಿಯಂಟ್, ಅದೇ ಬಣ್ಣ. ತೆರಿಗೆ ಕರ್ನಾಟಕದಾಗ ಎಲ್ಲಾ ಕಡೆ ಒಂದೇ. ಬೇರೆ ಊರಾಗ ತಗೊಂಡ್ರೂ ನಿಮ್ಮ ವಿಳಾಸದ ಮ್ಯಾಲೆ ಕೆಎ-17 ನಂಬರೇ ಮಾಡಿಸಬಹುದು. ನಾನು ಬೆಳಗಾವಿ ಕೊಟೇಶನ್ ತೋರಿಸಿದ ಮ್ಯಾಲೆ ಹುಬ್ಬಳ್ಳಿಯವರು ಹನ್ನೊಂದು ಸಾವಿರ ಇಳಿಸಿದ್ರು.

ಇನ್ನ ನೀವು ನೋಡಿದ ಗಾಡಿಗೆ ಜೋಡಿ ಗಾಡಿ ಐತೇನು ನೋಡ್ರಿ. ಬಲೆನೊ ಮತ್ತ ಗ್ಲಾಂಜಾ, ಫ್ರಾಂಕ್ಸ್ ಮತ್ತ ಟೈಸರ್, ಒಳಗ ಒಂದೇ ಗಾಡಿ, ಹೊರಗ ಹೆಸರು ಬ್ಯಾರೆ. ಒಂದು ಕಡೆ ಡಿಸ್ಕೌಂಟ್ ಇಲ್ಲ ಅಂದ್ರ ಇನ್ನೊಂದು ಕಡೆ ಇರತೈತಿ.

ಜಯನಗರ ನಾಲ್ಕನೇ ಬ್ಲಾಕ್

ಹುಬ್ಬಳ್ಳಿಯವರ ಮಾತಿಗೆ ಸೇರಿಸುತ್ತೇನೆ. ಫೋನ್‌ಗಿಂತ ವಾಟ್ಸಾಪ್ ಮೆಸೇಜ್ ಒಳ್ಳೆಯದು, ಬರಹದಲ್ಲಿ ಉಳಿಯುತ್ತದೆ. ನನ್ನ ಸಂಬಳದಲ್ಲಿ ಮೊದಲ ಕಾರು ತಗೊಳ್ಳಲು ಹೋದಾಗ ಸೇಲ್ಸ್‌ನವರು ನನ್ನ ಪ್ರಶ್ನೆಗೆ ನನ್ನ ಗಂಡನ ಮುಖ ನೋಡಿ ಉತ್ತರ ಕೊಡುತ್ತಿದ್ದರು. ಎರಡು ಶೋರೂಂನಲ್ಲಿ ಹೀಗೇ ಆಯಿತು. ನೋವಾಯಿತು. ಮನೆಗೆ ಬಂದು ಐದು ಶೋರೂಂಗೆ ಒಂದೇ ಮೆಸೇಜ್ ಕಳಿಸಿದೆ. ಅದು ಹೀಗಿತ್ತು:

"ನಮಸ್ಕಾರ. ಈ ಮಾಡೆಲ್, ಈ ವೇರಿಯಂಟ್, ಬಿಳಿ ಬಣ್ಣ ನನಗೆ ಬೇಕು. ಈ ತಿಂಗಳೇ ಬುಕ್ ಮಾಡುತ್ತೇನೆ. ಐದು ಕಡೆ ಕೇಳುತ್ತಿದ್ದೇನೆ. ಸಾಲ ಸ್ವಂತ ಬ್ಯಾಂಕಿನದು. ಅಕ್ಸೆಸರಿ ಬೇಡ. ಹ್ಯಾಂಡ್ಲಿಂಗ್ ಕೊಡುವುದಿಲ್ಲ. ಇನ್ಶೂರೆನ್ಸ್ ಸಹಿತ ಮತ್ತು ರಹಿತ ಎರಡು ದರ, ಸಾಲು ಸಾಲಾಗಿ ಕಳಿಸಿ. ತಯಾರಾದ ತಿಂಗಳು ಯಾವುದು ತಿಳಿಸಿ."

ಮೂರು ಕಡೆಯಿಂದ ಅದೇ ದಿನ ಉತ್ತರ ಬಂತು. ಒಬ್ಬರು "ಶೋರೂಂಗೆ ಬನ್ನಿ ಮೇಡಂ, ಮಾತಾಡೋಣ" ಅಂದರು. ಹೋಗಲಿಲ್ಲ. ಕಾರು ತಗೊಂಡಿದ್ದು ಎಲ್ಲಕ್ಕಿಂತ ಸ್ಪಷ್ಟವಾಗಿ ಬರೆದು ಕಳಿಸಿದವರ ಹತ್ತಿರ. ಐನೂರು ರೂಪಾಯಿ ಜಾಸ್ತಿ ಇತ್ತು. ಪರವಾಗಿಲ್ಲ ಅನಿಸಿತು.

ಹಳೇ ಸೇಲ್ಸ್

ನಾನು ಒಂಬತ್ತು ವರ್ಷ ಶೋರೂಂನಲ್ಲಿ ಕೆಲಸ ಮಾಡಿದವನು. ಈಗ ಬೇರೆ ಕೆಲಸದಲ್ಲಿದ್ದೇನೆ. ಒಳಗಿನ ಕೆಲವು ವಿಷಯ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಕಾರು ಮಾರಿದರೆ ಡೀಲರ್‌ಗೆ ಉಳಿಯುವುದು ಶೇ. 3ರಿಂದ 5ರ ಆಸುಪಾಸು. ಬಾಡಿಗೆ, ಸಂಬಳ, ಸ್ಟಾಕ್ ಮೇಲಿನ ಬಡ್ಡಿ ಎಲ್ಲ ಅದರಲ್ಲೇ ಆಗಬೇಕು. ಅದಕ್ಕೇ ಇನ್ಶೂರೆನ್ಸ್, ಸಾಲದ ಕಮಿಷನ್, ಅಕ್ಸೆಸರಿ ಮೇಲೆ ಅಷ್ಟು ಒತ್ತಡ. ಸೇಲ್ಸ್ ಹುಡುಗನ ಇನ್ಸೆಂಟಿವ್ ಕೂಡ ಬಹುಪಾಲು ಅಲ್ಲೇ ಇರುತ್ತದೆ. ಅವನ ಮೇಲೆ ಸಿಟ್ಟು ಮಾಡಬೇಡಿ. ಬೆಳಿಗ್ಗೆ ಮೀಟಿಂಗ್‌ನಲ್ಲಿ ಅವನಿಗೂ "ನಿನ್ನೆ ಎಷ್ಟು ಪಾಲಿಸಿ?" ಅಂತ ಕೇಳಿರುತ್ತಾರೆ.

ಡಿಸ್ಕೌಂಟ್ ಅನ್ನುವುದು ಒಂದಲ್ಲ, ನಾಲ್ಕು. ಕಂಪನಿಯ ಗ್ರಾಹಕ ಆಫರ್. ಎಕ್ಸ್‌ಚೇಂಜ್ ಬೋನಸ್. ಕಾರ್ಪೊರೇಟ್ ಅಥವಾ ಸರ್ಕಾರಿ ನೌಕರರ ಆಫರ್. ಕೊನೆಯದು ಡೀಲರ್ ತನ್ನ ಮಾರ್ಜಿನ್‌ನಿಂದ ಬಿಡುವುದು. ಮೇಷ್ಟ್ರೇ, ನಿಮ್ಮ ಕೊಟೇಶನ್‌ನಲ್ಲಿ 15,000 ಒಂದೇ ಸಾಲಿನಲ್ಲಿದೆ. ನೀವು ಸರ್ಕಾರಿ ಶಿಕ್ಷಕರು. ಗುರುತಿನ ಚೀಟಿ ತೋರಿಸಿದ್ದೀರಾ? ನಾಲ್ಕನ್ನೂ ಬೇರೆ ಬೇರೆ ಬರೆದು ಕೊಡಿ ಅನ್ನಿ. ಮೊದಲ ಮೂರರಲ್ಲಿ ಕಂಪನಿಯ ಪಾಲು ದೊಡ್ಡದು. ಅದನ್ನು ನಿಮಗೆ ಕೊಟ್ಟರೆ ಡೀಲರ್ ಜೇಬಿನಿಂದ ಹೋಗುವುದು ಕಡಿಮೆ.

ಆಲ್ಟೊ ಮಾತು ಕೊನೆಗೆ ಇಡಿ. ಹೊಸ ಕಾರಿನ ಬೆಲೆ ಬರಹದಲ್ಲಿ ಬರುವವರೆಗೆ ಹಳೆ ಕಾರು ಬಾಯಿಗೇ ಬರಬಾರದು. ಇಲ್ಲದಿದ್ದರೆ ಒಂದು ಕಡೆ ಹತ್ತು ಸಾವಿರ ಜಾಸ್ತಿ ಕೊಟ್ಟು ಇನ್ನೊಂದು ಕಡೆ ಹದಿನೈದು ಕಡಿಮೆ ಮಾಡುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ.

ಈಗ ಆಷಾಢ. ನನ್ನ ಪ್ರಕಾರ ಕರ್ನಾಟಕದಲ್ಲಿ ಕಾರು ಮಾತಾಡಲು ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಶೋರೂಂ ಖಾಲಿ, ಟಾರ್ಗೆಟ್ ಹಾಗೆಯೇ ಇರುತ್ತದೆ. ವರಮಹಾಲಕ್ಷ್ಮಿ, ಆಯುಧ ಪೂಜೆ, ದೀಪಾವಳಿಗೆ ಬಂದರೆ ನೀವು ಹೇಳುವುದನ್ನು ಕೇಳಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಆದರೆ ಒಂದು ತೊಡಕು ಇದೆ. ಆಫರ್ ಲೆಕ್ಕಕ್ಕೆ ಬರುವುದು ಬುಕ್ ಮಾಡಿದ ತಿಂಗಳಿಗೆ ಅಲ್ಲ, ಬಿಲ್ ಆದ ತಿಂಗಳಿಗೆ. ಈ ತಿಂಗಳು ಬುಕ್ ಮಾಡಿ ಮುಂದಿನ ತಿಂಗಳು ಬಿಲ್ ಮಾಡಿಸಿದರೆ ಮುಂದಿನ ತಿಂಗಳ ಆಫರ್ ಏನಿದೆಯೋ ಅದು. ಹಾಗಾಗಿ ಬಿಲ್ ಆಷಾಢದಲ್ಲೇ ಆಗಲಿ, ಗಾಡಿ ಮನೆಗೆ ಶ್ರಾವಣದಲ್ಲಿ ಬರಲಿ. ನಾನಿದ್ದಾಗ ಪ್ರತಿ ವರ್ಷ ಹತ್ತಾರು ಜನ ಹೀಗೆ ಮಾಡುತ್ತಿದ್ದರು.

ಕೆಎ-09

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಬಿಲ್ ಆಗಿ ನೋಂದಣಿ ಆದ ಮೇಲೆ ಆ ಗಾಡಿ ನಿಮ್ಮದು. ಮೂರು ವಾರ ಅವರ ಸ್ಟಾಕ್‌ಯಾರ್ಡ್‌ನಲ್ಲಿ ಬಿಸಿಲು ಮಳೆಗೆ ನಿಂತಿರುತ್ತದೆ. ಇಲಿ ವೈರ್ ಕಡಿದರೆ? ಯಾರಾದರೂ ಹಿಂದೆ ತೆಗೆಯುವಾಗ ಬಂಪರ್ ಉಜ್ಜಿದರೆ? ನನ್ನ ತಮ್ಮನಿಗೆ ಹೀಗಾಗಿದೆ. ಡೆಲಿವರಿ ದಿನ ಬಾಗಿಲ ಕೆಳಗೆ ಹೊಸ ಪೇಂಟ್ ಕಂಡಿತು. "ಮೊದಲಿಂದ ಹಾಗೇ ಇತ್ತು" ಅಂದರು. ಅವನ ಹತ್ತಿರ ಒಂದು ಫೋಟೊ ಕೂಡ ಇರಲಿಲ್ಲ.

ಹಳೇ ಸೇಲ್ಸ್

ನಿಮ್ಮ ಭಯ ಸರಿ. ಅದಕ್ಕೇ ಬಿಲ್‌ಗೆ ಮೊದಲು ಪಿಡಿಐ (ಡೆಲಿವರಿಗೆ ಮುಂಚಿನ ಗಾಡಿ ತಪಾಸಣೆ) ಮಾಡಲೇಬೇಕು. ಆಮೇಲೆ ಮಾಡಿ ಪ್ರಯೋಜನ ಇಲ್ಲ. ಮೇಷ್ಟ್ರೇ, ಹಗಲು ಹೊತ್ತಿನಲ್ಲೇ ಸ್ಟಾಕ್‌ಯಾರ್ಡ್‌ಗೆ ಹೋಗಿ. ಶೋರೂಂ ಲೈಟಿನ ಕೆಳಗೆ ಗೀರು ಕಾಣುವುದಿಲ್ಲ. ಮೊದಲು ಚಾಸಿ ನಂಬರ್ ಬರೆದುಕೊಳ್ಳಿ, 17 ಅಕ್ಷರ. ಬಿಲ್‌ನಲ್ಲಿ ಅದೇ ನಂಬರ್ ಬರಬೇಕು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1826 ಅಂದರೆ 2026ರ 18ನೇ ವಾರ ತಯಾರಾದ ಟೈರ್. ನಾಲ್ಕೂ ಟೈರ್, ಸ್ಟೆಪ್ನಿ ಎಲ್ಲ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಬೇರೆ ಇದ್ದರೆ ಯಾಕೆ ಅಂತ ಕೇಳಿ. ಮ್ಯಾಟ್ ಎತ್ತಿ ಕೈಯಿಟ್ಟು ಒದ್ದೆ ಇದೆಯಾ ನೋಡಿ. ಬಾನೆಟ್ ತೆಗೆದು ವೈರ್ ನೋಡಿ. ಓಡೋಮೀಟರ್ ಫೋಟೊ ತೆಗೆಯಿರಿ. ಸುತ್ತ ಒಂದು ವಿಡಿಯೊ ಮಾಡಿ ಅದನ್ನು ಅಲ್ಲೇ ನಿಂತು ಸೇಲ್ಸ್ ಹುಡುಗನ ವಾಟ್ಸಾಪ್‌ಗೆ ಕಳಿಸಿ. ತಾರೀಖಿನ ಸಮೇತ ದಾಖಲೆ ಆಯಿತು. ಮತ್ತೆ ಗಾಡಿಯನ್ನು ಒಳಗೆ ನೆರಳಿನಲ್ಲಿ ನಿಲ್ಲಿಸಲು ಮ್ಯಾನೇಜರ್ ಹತ್ತಿರ ಬರೆಸಿಕೊಳ್ಳಿ.

ಡಿಸೆಂಬರ್ ಆಫರ್ ಬಗ್ಗೆಯೂ ಒಂದು ಮಾತು, ಬೇರೆಯವರಿಗೆ ಉಪಯೋಗ ಆಗಬಹುದು. ಆಗ ಡಿಸ್ಕೌಂಟ್ ಜಾಸ್ತಿ, ನಿಜ. ಆದರೆ ಜನವರಿಗೆ ಆ ಗಾಡಿ ಕಾಗದದ ಮೇಲೆ ಒಂದು ವರ್ಷ ಹಳೆಯದು. ನಾಲ್ಕು ವರ್ಷಕ್ಕೆ ಮಾರುವವರು ಯೋಚಿಸಬೇಕು. ಮೇಷ್ಟ್ರ ಹಾಗೆ ಹದಿನಾಲ್ಕು ವರ್ಷ ಇಟ್ಟುಕೊಳ್ಳುವವರಿಗೆ ಏನೂ ವ್ಯತ್ಯಾಸ ಇಲ್ಲ.

ಮಡಿಕೇರಿ ಮಾಜಿ ಸೈನಿಕ

ಸೇನೆಯಲ್ಲಿ ಇದ್ದವರು ಮನೆಯಲ್ಲಿ ಇದ್ದರೆ ಸಿಎಸ್‌ಡಿ (ಸೇನಾ ಕ್ಯಾಂಟೀನ್) ದರ ಮೊದಲು ನೋಡಿ. ಅದರ ಎಎಫ್‌ಡಿ ಪೋರ್ಟಲ್‌ನಲ್ಲಿ ಮಾಡೆಲ್‌ವಾರು ಬೆಲೆ ಇರುತ್ತದೆ, ಜಿಎಸ್‌ಟಿ ರಿಯಾಯಿತಿ ಇರುವುದರಿಂದ ಹೊರಗಿನ ಬೆಲೆಗಿಂತ ಸಾಕಷ್ಟು ಕಡಿಮೆ. ಚೌಕಾಸಿಯ ಪ್ರಶ್ನೆ ಇಲ್ಲ. ಆದರೆ ಶೋರೂಂನವರು ಇನ್ಶೂರೆನ್ಸ್, ಅಕ್ಸೆಸರಿ ಅಲ್ಲೂ ಸೇರಿಸುತ್ತಾರೆ. ಇಲ್ಲಿ ಬರೆದ ಮಾತು ನಮಗೂ ಅನ್ವಯ.

ತುಮಕೂರು ಹೊಸಬ

ನಾನು ಟಾಪ್ ವೇರಿಯಂಟ್ ನೋಡುತ್ತಿದ್ದೇನೆ, ಎಕ್ಸ್-ಶೋರೂಂ 10,05,000. ಅದರ ಕೆಳಗಿನದು 9,95,000. ಬರೀ ಹತ್ತು ಸಾವಿರಕ್ಕೆ ಸನ್‌ರೂಫ್ ಸಿಗುತ್ತದೆ. ಟಾಪ್‌ಗೇ ಹೋಗಬಹುದು ಅಲ್ವಾ?

ಲೆಕ್ಕದ ಪುಸ್ತಕ

ಹತ್ತು ಸಾವಿರ ಅಲ್ಲ, ನಿಲ್ಲಿ. ಹತ್ತು ಲಕ್ಷದ ಗೆರೆ ದಾಟಿದರೆ ಕರ್ನಾಟಕದಲ್ಲಿ ತೆರಿಗೆ ಶೇ. 14ರಿಂದ 17ಕ್ಕೆ ಹೋಗುತ್ತದೆ, ಸೆಸ್ ಸೇರಿ ಶೇ. 18.87. ದಾಟಿದ ಐದು ಸಾವಿರಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ. 9,95,000ಕ್ಕೆ ತೆರಿಗೆ 1,54,623. 10,05,000ಕ್ಕೆ 1,89,644. ಬರೀ ತೆರಿಗೆಯಲ್ಲೇ 35,021 ಜಾಸ್ತಿ. ಮೇಲೆ ಹತ್ತು ಲಕ್ಷ ದಾಟಿದ ಕಾರಿಗೆ ಶೇ. 1 ಟಿಸಿಎಸ್ (ಮಾರುವವರು ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ), 10,050. ಅದು ರಿಟರ್ನ್ ಹಾಕಿದಾಗ ನಿಮ್ಮ ತೆರಿಗೆಗೆ ಜಮೆ ಆಗುತ್ತದೆ. ಆದರೆ ಕಾರು ಕೊಳ್ಳುವ ದಿನ ಕೈಯಿಂದ ಕೊಡಲೇಬೇಕು. ಸನ್‌ರೂಫ್‌ಗೆ ನೀವು ಕೊಡುತ್ತಿರುವುದು ಸುಮಾರು 45,000. ಅಷ್ಟಕ್ಕೂ ಬೇಕು ಅನಿಸಿದರೆ ತಗೊಳ್ಳಿ.

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಅದಕ್ಕೆ ಮೊದಲು 28, ಮೇಲೆ ಸೆಸ್. ಆಗ ಹತ್ತು ಲಕ್ಷದ ಮೇಲಿದ್ದ ಎಷ್ಟೋ ವೇರಿಯಂಟ್ ಗೆರೆಯ ಕೆಳಗೆ ಬಂದವು. ಹಳೆ ವಿಡಿಯೊಗಳಲ್ಲಿ ಹೇಳಿದ ಬೆಲೆ ನಂಬಬೇಡಿ.

ದಾವಣಗೆರೆ ಮೇಷ್ಟ್ರು

ಹನ್ನೆರಡು ದಿನ ಆಯಿತು, ಏನೇನಾಯಿತು ಹೇಳುತ್ತೇನೆ.

ಮೊದಲು ಬ್ಯಾಂಕಿಗೆ ಹೋದೆ. ಶೇ. 9ಕ್ಕೆ ಒಪ್ಪಿಗೆ ಸಿಕ್ಕಿತು. ಜಯನಗರದವರ ಮೆಸೇಜ್ ನಾಲ್ಕು ಊರಿಗೆ ಕಳಿಸಿದೆ. ಶಿವಮೊಗ್ಗದಿಂದ ಬಂದ ದರ ನಮ್ಮ ಊರಿನದಕ್ಕಿಂತ 41,000 ಕಡಿಮೆ. ಅದೇ ಕಾಗದ ಹಿಡಿದು ನಮ್ಮ ಶೋರೂಂಗೆ ಹೋದೆ. ಸೇಲ್ಸ್ ಹುಡುಗನಿಗೆ ಮೊದಲೇ ಹೇಳಿದೆ, "ನಿನ್ನ ಹತ್ತಿರವೇ ತಗೊಳ್ಳಬೇಕು ಅಂತ ನನಗೆ ಆಸೆ. ಆದರೆ ಈ ನಾಲ್ಕು ಸಾಲು ನಾನು ಕೊಡುವುದಿಲ್ಲ." ಅವನು ಕಾಗದ ತಗೊಂಡು ಮ್ಯಾನೇಜರ್ ರೂಮಿಗೆ ಹೋದ. ಹೊರಗೆ ಬರಲು ಇಪ್ಪತ್ತು ನಿಮಿಷ. ಅಪ್ಪ ಡಿಸ್‌ಪ್ಲೇ ಕಾರಿನಲ್ಲೇ ಕೂತಿದ್ದರು.

ಬಂದವನು ಪೆನ್ನಿನಿಂದ ಹ್ಯಾಂಡ್ಲಿಂಗ್ ಹೊಡೆದು ಹಾಕಿದ. ಆರ್‌ಟಿಒ 2,300 ಮಾಡಿದ. ಫಾಸ್ಟ್ಯಾಗ್ 600. ಕಿಟ್‌ನಲ್ಲಿ ಮ್ಯಾಟ್ ಮತ್ತು ಮಡ್ ಫ್ಲಾಪ್ ಮಾತ್ರ ಉಳಿಸಿ 4,200. ಡಿಸ್ಕೌಂಟ್ ಬಿಡಿಸಿ ಬರೆದ: ಗ್ರಾಹಕ ಆಫರ್ 20,000, ಸರ್ಕಾರಿ ನೌಕರ 5,000, ಡೀಲರ್ 8,000. ಆ ಐದು ಸಾವಿರಕ್ಕೆ ಬೇಕಾಗಿದ್ದು ನನ್ನ ಗುರುತಿನ ಚೀಟಿಯ ಒಂದು ಜೆರಾಕ್ಸ್.

ಇನ್ಶೂರೆನ್ಸ್‌ನಲ್ಲಿ ತಡವಾಯಿತು. ಆನ್‌ಲೈನ್‌ನಲ್ಲಿ ಅದೇ ಐಡಿವಿ, ಅದೇ ಜೀರೋ ಡೆಪ್, ನನ್ನ ಎನ್‌ಸಿಬಿ ಹಾಕಿ 26,900 ಬಂದಿತ್ತು. "ಹೊರಗೆ ಮಾಡಿಸಿದರೆ ಕ್ಲೇಮ್ ಕಷ್ಟ" ಅಂದರು. ಪಕ್ಕದ ಸರ್ವಿಸ್ ಕೌಂಟರ್‌ಗೆ ಹೋಗಿ ಕೇಳಿದೆ. ಅಲ್ಲಿದ್ದವರು ಯಾವ ಯಾವ ಕಂಪನಿಯ ಕ್ಯಾಶ್‌ಲೆಸ್ ಇಲ್ಲಿ ನಡೆಯುತ್ತದೆ ಅಂತ ಪಟ್ಟಿ ತೋರಿಸಿದರು. ನನ್ನ ಆನ್‌ಲೈನ್ ಕಂಪನಿಯೂ ಅದರಲ್ಲಿತ್ತು. ವಾಪಸ್ ಬಂದು ಹೇಳಿದ ಮೇಲೆ ಶೋರೂಂನವರು 28,500ಕ್ಕೆ ಇಳಿದರು. ಅವರ ಹತ್ತಿರವೇ ಮಾಡಿಸಿದೆ. 1,600 ವ್ಯತ್ಯಾಸ. ಹುಡುಗನಿಗೂ ಒಂದು ಪಾಲಿಸಿ ಲೆಕ್ಕಕ್ಕೆ ಸಿಗಲಿ ಅನಿಸಿತು.

ವಾರಂಟಿ 14,500 ಹಾಗೆಯೇ ಉಳಿಸಿಕೊಂಡೆ. ನಾನು ಕಾರು ಬಹಳ ವರ್ಷ ಇಡುವವನು.

ಒಟ್ಟು 10,46,406. ಮೊದಲ ಕಾಗದಕ್ಕಿಂತ 73,100 ಕಡಿಮೆ. ಮೂರು ತಿಂಗಳು ಅಪ್ಪನ ಫಿಸಿಯೋಥೆರಪಿ, ಔಷಧಿ ಎಲ್ಲ ಸೇರಿಸಿದರೂ ಅಷ್ಟಾಗುವುದಿಲ್ಲ. ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ.

ಪಿಡಿಐ ಭಾನುವಾರ ಬೆಳಿಗ್ಗೆ ಮಾಡಿದೆ. ಮೊದಲು ತೋರಿಸಿದ ಗಾಡಿಯ ಹಿಂದಿನ ಎಡ ಬಾಗಿಲಿನ ಅಂಚಿನಲ್ಲಿ ಬೆರಳುಗುರಿನಷ್ಟು ಪೇಂಟ್ ಎದ್ದಿತ್ತು. "ಪಾಲಿಶ್ ಮಾಡಿದರೆ ಹೋಗುತ್ತೆ ಸರ್" ಅಂದರು. ಬೇಡ ಅಂದೆ. ಸಾಲಿನಲ್ಲಿ ಮೂರನೇ ಗಾಡಿ ತೆಗೆಸಿದರು. ಅದು ಚೆನ್ನಾಗಿತ್ತು. ಚಾಸಿ ನಂಬರ್ ಬರೆದುಕೊಂಡೆ, ವಿಡಿಯೊ ಕಳಿಸಿದೆ, ಮರುದಿನ ಬಿಲ್.

ಹುಬ್ಬಳ್ಳಿ ಗಿರಣಿ ಚಾಳ

ಭಾಳ ಛಲೋ ಆತು ಮಾಸ್ತರ್ರೇ. ತಾಯಿಯವರು ಒಪ್ಪಿದರೇನು?

ದಾವಣಗೆರೆ ಮೇಷ್ಟ್ರು

ಅಮ್ಮನಿಗೆ ಕೂತು ವಿವರವಾಗಿ ಹೇಳಿದೆ. "ಕಾಗದ ಯಾವಾಗ ಬೇಕಾದರೂ ಆಗಲಿ, ಚಕ್ರ ಹೊಸ್ತಿಲ ಮುಂದೆ ಶ್ರಾವಣದಲ್ಲಿ ಉರುಳಿದರೆ ಸಾಕು" ಅಂದರು. ಎರಡನೇ ಶುಕ್ರವಾರ ತರುತ್ತೇವೆ.

ಕಡಲ ಕರೆ

ಆಲ್ಟೊ ಏನು ಮಾಡಿದಿರಿ? ಶೋರೂಂಗೆ ಕೊಟ್ಟಿರಾ?

ದಾವಣಗೆರೆ ಮೇಷ್ಟ್ರು

ಇಲ್ಲ. ಬೋನಸ್ ಸೇರಿದರೂ ಅಲ್ಲಿ 90,000. ನಮ್ಮ ಶಾಲೆಯ ಕ್ಲರ್ಕ್ ಒಂದು ಲಕ್ಷಕ್ಕೆ ಕೇಳಿದರು, ಅವರಿಗೇ ಕೊಟ್ಟೆ. ಆರ್‌ಸಿ 2027ರವರೆಗೆ ಮಾತ್ರ ಇದೆ, ಆಮೇಲೆ ಎಫ್‌ಸಿ ಮಾಡಿಸಿ ನವೀಕರಿಸಬೇಕು ಅಂತ ಮೊದಲೇ ಹೇಳಿದೆ. ಫಾರ್ಮ್ 29, 30 ಇಬ್ಬರೂ ಒಟ್ಟಿಗೆ ಹೋಗಿ ಕೊಟ್ಟು ಬಂದೆವು. ಅದನ್ನು ತೋರಿಸಿದ ಮೇಲೆಯೇ ಎನ್‌ಸಿಬಿ ಪತ್ರ ಸಿಕ್ಕಿದ್ದು.

ನಿನ್ನೆ ಅವರ ಹೆಂಡತಿ, ಇಬ್ಬರು ಮಕ್ಕಳು ಬಂದು ತಗೊಂಡು ಹೋದರು. ಎರಡನೇ ಕೀ ಹದಿನಾಲ್ಕು ವರ್ಷದಿಂದ ದೇವರ ಮನೆ ಡ್ರಾಯರ್‌ನಲ್ಲೇ ಇತ್ತು, ಒಂದು ಸಲವೂ ಬಳಸಿರಲಿಲ್ಲ. ಅದನ್ನು ಅಪ್ಪನೇ ಎದ್ದು ಹೋಗಿ ತಂದು ಆ ಸಣ್ಣ ಹುಡುಗಿ ಕೈಗೆ ಕೊಟ್ಟರು.